ಕರೆಂಟ್ ಕೊಡುವಾಗ ಬಾಯಿಗೆ ಬೆಂಜಿಡಮೈನ್ ಮೌತ್‌ವಾಶ್: ದೊಡ್ಡಮ್ಮನಿಗೆ ಬಳಸಿ ನೋಡಿದ ಮೇಲೆ, ಕೋಲಾರದಿಂದ

ಬಾಯಿ ಕ್ಯಾನ್ಸರ್‌ಗೆ ರೇಡಿಯೇಶನ್ (ನಮ್ಮ ಕಡೆ ಕರೆಂಟ್ ಕೊಡುವುದು ಅನ್ನುತ್ತಾರೆ) ಶುರುವಾಗಬೇಕಿರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರ್ ಚೀಟಿಯಲ್ಲಿ ಬೆಂಜಿಡಮೈನ್ ಮೌತ್‌ವಾಶ್ ಬರೆದಿದ್ದರೆ ಅವತ್ತೇ ತಗೊಳ್ಳಿ. ಮೊದಲ ಕರೆಂಟ್ ದಿನದಿಂದಲೇ ಶುರು ಮಾಡಿ. ಹುಣ್ಣು ಬಂದ ಮೇಲೆ ನೋಡೋಣ ಅಂತ ಬಿಡಬೇಡಿ. ಬರೆದಿಲ್ಲ ಅಂದರೆ ಬಾಯಿ ಬಿಟ್ಟು ಕೇಳಿ. ನಾನು ಇದಕ್ಕೆ 5ಕ್ಕೆ 4 ಕೊಡುತ್ತೇನೆ. ಒಂದು ಮಾರ್ಕು ಯಾಕೆ ಕಳೆದೆ, ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಂಪನಿ ಹೆಸರು ಹಾಕುವುದಿಲ್ಲ, ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಒಳಗಿರುವ ಔಷಧಿ ಒಂದೇ. ಲೇಬಲ್ ಮೇಲೆ ಬೆಂಜಿಡಮೈನ್ ಹೈಡ್ರೋಕ್ಲೋರೈಡ್ ಶೇ. 0.15 ಅಂತ ಇದೆಯಾ ನೋಡಿ, ಅಷ್ಟು ಸಾಕು.

ಬಳಸಿದ್ದು ನಮ್ಮ ದೊಡ್ಡಮ್ಮ. ಮುಳಬಾಗಿಲು ಕಡೆ ಹಳ್ಳಿ. ಚಿಕ್ಕ ವಯಸ್ಸಿಂದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಮ್ಮ ಕೋಲಾರ ಜಿಲ್ಲೆಯಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಂಗಸರಿಗೆ ಕಡ್ಡಿಪುಡಿ, ಹೊಗೆಸೊಪ್ಪು ಹೊಸದಲ್ಲ, ಎಷ್ಟೋ ಜನ ರಾತ್ರಿ ಮಲಗುವಾಗಲೂ ಕೆನ್ನೆ ಒಳಗೆ ಒತ್ತಿಟ್ಟುಕೊಂಡೇ ಮಲಗುತ್ತಾರೆ. ಎಲ್ಲಿ ಇಟ್ಟುಕೊಳ್ಳುತ್ತಾರೋ ಅಲ್ಲೇ ಗಡ್ಡೆ ಬರುತ್ತದೆ. ದೊಡ್ಡಮ್ಮನಿಗೂ ಎಡಗಡೆ ಕೆನ್ನೆ ಒಳಗೆ, ಕೆಳಗಿನ ಒಸಡಿಗೆ ಅಂಟಿಕೊಂಡ ಹಾಗೆ ಬಂತು. ಆಪರೇಷನ್ ಆಯಿತು, ತೆಗೆದ ಜಾಗಕ್ಕೆ ಎದೆಯ ಚರ್ಮ ಮಾಂಸ ತಿರುಗಿಸಿ ತಂದು ಹೊಲಿದರು. ಆಮೇಲೆ ಬೆಂಗಳೂರಲ್ಲಿ ಕರೆಂಟ್, ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿಯ ಡ್ರಿಪ್.

ಆಪರೇಷನ್ ನೋವಿಗಿಂತ ಈ ಕರೆಂಟ್ ಟೈಮಿನ ಬಾಯಿ ನೋವೇ ದೊಡ್ಡದು ಅಂತ ವಾರ್ಡಲ್ಲಿ ಸುಮಾರು ಜನ ಹೇಳಿದ್ದರು. ನಿಜ. ಆದರೆ ಅದು ಯಾಕೆ ಬರುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಿದರೆ ಈ ಮೌತ್‌ವಾಶ್ ಯಾಕೆ ಮೊದಲ ದಿನದಿಂದ ಬೇಕು ಅನ್ನುವುದೂ ತಾನಾಗೇ ಅರ್ಥ ಆಗುತ್ತದೆ.

ಕೆನ್ನೆ ಒಳಗಡೆ, ತುಟಿ ಹಿಂದೆ, ನಾಲಿಗೆ ಅಡಿ, ಅಂಗುಳದ ಹಿಂದಿನ ಮೆತ್ತನೆ ಭಾಗ, ಇಲ್ಲೆಲ್ಲ ಒಂದು ಒದ್ದೆ ಪದರ ಇದೆಯಲ್ವಾ, ಅದು ಸದಾ ಸವೆಯುತ್ತಲೇ ಇರುತ್ತದೆ. ತಿನ್ನುವಾಗ, ಮಾತಾಡುವಾಗ ಮೇಲಿನ ಕೋಶಗಳು ಉದುರುತ್ತವೆ. ತಳದಲ್ಲಿ ಇರುವ ಕೋಶಗಳು ಒಂದು ಎರಡಾಗಿ ಒಡೆದು ಒಡೆದು ಹೊಸದನ್ನು ಮೇಲಕ್ಕೆ ಕಳಿಸುತ್ತವೆ. ಒಂದೆರಡು ವಾರದಲ್ಲಿ ಪೂರ್ತಿ ಪದರ ಹೊಸದಾಗಿರುತ್ತದೆ. ಕರೆಂಟಿಗೂ ಕೀಮೋಗೂ ಬೇಗ ಬೇಗ ಒಡೆಯುವ ಕೋಶ ಅಂದರೆ ಸುಲಭದ ಗುರಿ. ಕ್ಯಾನ್ಸರ್ ಕೋಶವೂ ಹಾಗೇ ಒಡೆಯುತ್ತದೆ, ಬಾಯಿಯ ಒಳ್ಳೆ ಕೋಶವೂ ಹಾಗೇ. ಅದಕ್ಕೇ ರೋಗ ಇಲ್ಲದ ಪಕ್ಕದ ಜಾಗವೂ ಏಟು ತಿನ್ನುತ್ತದೆ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಒಟ್ಟು 60 ಗ್ರೇ (ಕರೆಂಟಿನ ಡೋಸ್ ಅಳೆಯುವ ಲೆಕ್ಕ) ಆಸುಪಾಸು ಕೊಡುತ್ತಾರೆ, ಆಪರೇಷನ್ ಇಲ್ಲದೆ ಕರೆಂಟೇ ಮುಖ್ಯ ಚಿಕಿತ್ಸೆ ಅಂದರೆ 70ರವರೆಗೂ ಹೋಗುತ್ತದೆ. ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, 6-7 ವಾರ. ಒಂದೇ ಸಲ ಕೊಡದೆ ಹೀಗೆ ಚೂರು ಚೂರು ಕೊಡುವುದೇ ಒಳ್ಳೆ ಕೋಶಗಳಿಗಾಗಿ. ಒಂದು ಡೋಸಿಗೂ ಮುಂದಿನ ಡೋಸಿಗೂ ನಡುವಿನ ಗಂಟೆಗಳಲ್ಲಿ ಅವು ತಮ್ಮ ಡಿಎನ್ಎ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಕ್ಕೆ ಆ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಆದರೂ ಏಟು ಬೀಳುತ್ತದೆ. ಮೊದಲ ದಿನವೇ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಪದರದ ಅಡಿಯಲ್ಲಿ ಉರಿಯೂತ ಶುರುವಾಗುತ್ತದೆ, ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಿದ ಹಾಗೆ ಟಿಎನ್ಎಫ್ ಅಂತೆಲ್ಲ ಹೇಳುವ ರಾಸಾಯನಿಕಗಳನ್ನು ಬಿಡುತ್ತವೆ, ಅವು ಇನ್ನಷ್ಟು ಉರಿಯೂತ ತರುತ್ತವೆ. ಮೇಲೆ ಉದುರುವುದು ನಿಲ್ಲುವುದಿಲ್ಲ, ಕೆಳಗಿಂದ ಬರುವುದು ಮಾತ್ರ ನಿಲ್ಲುತ್ತದೆ. ಪದರ ತೆಳುವಾಗುತ್ತಾ ಹೋಗಿ ಎರಡು ಮೂರನೇ ವಾರದಲ್ಲಿ ಕೆಂಪಾಗುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಜಾಗಕ್ಕೆ ಬಾಯಲ್ಲಿರುವ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಐದಾರನೇ ವಾರ ಬಹಳ ಕಷ್ಟದ್ದು. ಕರೆಂಟ್ ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು ಆಮೇಲೆ ನಿಧಾನಕ್ಕೆ ಮುಚ್ಚುತ್ತದೆ. ಇದಕ್ಕೆ ಮ್ಯೂಕೋಸೈಟಿಸ್ ಅನ್ನುತ್ತಾರೆ. ತಲೆ ಕತ್ತಿನ ಭಾಗಕ್ಕೆ ಪೂರ್ತಿ ಕೋರ್ಸ್ ಕರೆಂಟ್ ತಗೊಳ್ಳುವವರಲ್ಲಿ ಸ್ವಲ್ಪವೋ ಜಾಸ್ತಿಯೋ ಬಹುತೇಕ ಎಲ್ಲರಿಗೂ ಬರುತ್ತದೆ. ಅಂದರೆ ಹುಣ್ಣು ಬಂತು ಅಂದರೆ ಕ್ಯಾನ್ಸರ್ ಮತ್ತೆ ಬಂತು ಅಂತಲ್ಲ, ಚಿಕಿತ್ಸೆ ತಪ್ಪಾಯಿತು ಅಂತಲೂ ಅಲ್ಲ. ಇದನ್ನು ದಯವಿಟ್ಟು ಪೇಷೆಂಟಿಗೂ ಹೇಳಿ. ದೊಡ್ಡಮ್ಮ ಆ ಹೆದರಿಕೆಯಲ್ಲೇ ರಾತ್ರಿ ಎಲ್ಲ ಎದ್ದು ಕೂರುತ್ತಿದ್ದರು.

ಈಗ ಮೌತ್‌ವಾಶ್ ವಿಷಯ. ಬೆಂಜಿಡಮೈನ್ ಉರಿಯೂತ ತಗ್ಗಿಸುವ ಔಷಧಿ, ಆ ಟಿಎನ್ಎಫ್ ತರಹದವುಗಳನ್ನು ಕಡಿಮೆ ಮಾಡುತ್ತದೆ, ಮೇಲಿಂದ ಸ್ವಲ್ಪ ಮರಗಟ್ಟಿಸುತ್ತದೆ ಕೂಡ. ಕೆಲಸ ನಡೆಯುವುದು ಅಡಿಯಲ್ಲಿ ಬೆಂಕಿ ಹತ್ತಿಕೊಳ್ಳುವ ಹೊತ್ತಲ್ಲೇ, ಅದಕ್ಕೇ ಮೊದಲ ದಿನದಿಂದ ಬೇಕು ಅಂತ ಒತ್ತಿ ಹೇಳಿದ್ದು. 2001ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ ಇದನ್ನು ಬಳಸಿದವರಿಗೆ ಕೆಂಪು, ಹುಣ್ಣು ಎರಡೂ ಸುಮಾರು ಶೇ. 30ರಷ್ಟು ಕಡಿಮೆ ಇತ್ತು, ಒಟ್ಟು ಡೋಸ್ 50 ಗ್ರೇ ಆಗುವ ತನಕ. ಕ್ಯಾನ್ಸರ್ ರೋಗಿಗಳ ಆರೈಕೆ ನೋಡುವ ಅಂತರರಾಷ್ಟ್ರೀಯ ಡಾಕ್ಟರುಗಳ ಸಂಘ, ಎಂಎಎಸ್‌ಸಿಸಿ ಅಂತ, ಅವರ ಮಾರ್ಗಸೂಚಿಯಲ್ಲೂ ಇದೆ. ಪೂರ್ತಿ ತಡೆಯುತ್ತದೆ ಅಂತ ಯಾರೂ ಹೇಳಿಲ್ಲ. ನಾನೂ ಹೇಳಲ್ಲ.

ದೊಡ್ಡಮ್ಮನಿಗೆ ಹೇಗಾಯಿತು ಅಂದರೆ, ಮೊದಲ ಎರಡು ವಾರ ಆರಾಮಾಗಿ ತಿಂದರು. ಪಕ್ಕದ ಬೆಡ್ಡಿನ ಅಜ್ಜಿಗೆ ಎರಡನೇ ವಾರಕ್ಕೇ ತುಟಿ ಒಡೆದು ಮಾತು ನಿಂತಿತ್ತು. ಇಬ್ಬರ ಕಾಯಿಲೆ ಬೇರೆ, ಡೋಸ್ ಬೇರೆ ಇರಬಹುದು, ಅದಕ್ಕೇ ಇದನ್ನೇ ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ. ಮೂರನೇ ವಾರ ಮುಗಿಯುವ ಹೊತ್ತಿಗೆ ನಾನು ಮೊಬೈಲ್ ಟಾರ್ಚ್ ಹಿಡಿದು ಬಾಯಿ ನೋಡಿದೆ. ಹೊಲಿದ ಎದೆ ಚರ್ಮ ಇದ್ದ ಜಾಗ ಚೆನ್ನಾಗೇ ಇತ್ತು, ಚರ್ಮ ಅಷ್ಟು ಬೇಗ ಕೆಡುವುದಿಲ್ಲವಂತೆ. ಅದರ ಅಂಚು ದಾಟಿದ ಕೂಡಲೇ ಅವರದೇ ಸ್ವಂತ ಕೆನ್ನೆ, ಅಲ್ಲಿ ಕಡುಕೆಂಪು, ನಾಲಿಗೆಯ ಎಡಪಕ್ಕದಲ್ಲಿ ಹಲ್ಲು ತಾಗುವ ಸಾಲಿಗೆ ಸರಿಯಾಗಿ ಬೆಳ್ಳನೆ ಪೊರೆ ಕಟ್ಟಿದ ಉದ್ದನೆ ಹುಣ್ಣು. ಒಸಡು, ಅಂಗುಳದ ಗಟ್ಟಿ ಭಾಗ ಅಷ್ಟಾಗಿ ಕೆಟ್ಟಿರಲಿಲ್ಲ, ಅಲ್ಲಿನ ಪದರ ಮೊದಲೇ ಗಡುಸು. "ಮೆಣಸಿನಕಾಯಿ ಅರೆದು ಬಾಯಿಗೆ ಮೆತ್ತಿದಂಗದೆ ಕಣಮ್ಮ" ಅಂದರು. ಆ ಹೊತ್ತಿಗೆ ಮೌತ್‌ವಾಶ್ ಹಾಕಿದರೆ ಕಾಲು ಗಂಟೆ, ಇಪ್ಪತ್ತು ನಿಮಿಷ ಸ್ವಲ್ಪ ಹಗುರ. ಆ ಗ್ಯಾಪಲ್ಲಿ ಒಂದು ಲೋಟ ಗಂಜಿ ಇಳಿಯುತ್ತಿತ್ತು. ಅಷ್ಟಕ್ಕೇ ನಾನು ಕೈ ಮುಗಿಯುತ್ತೇನೆ.

ಹಾಕುವ ರೀತಿ: ಮುಚ್ಚಳದಲ್ಲಿ 15 ಎಂಎಲ್, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗಿಯಬೇಕು, ನುಂಗಬಾರದು. ಎರಡು ಮೂರು ಗಂಟೆಗೊಂದು ಸಲ. ಆಪರೇಷನ್ ಆದವರಿಗೆ ಕೆನ್ನೆ ಉಬ್ಬಿಸಿ ಗುಳುಗುಳು ಮಾಡಲು ಆಗುವುದಿಲ್ಲ, ತುಟಿ ಪಕ್ಕದಿಂದ ಸೋರಿ ಹೋಗುತ್ತದೆ. ದೊಡ್ಡಮ್ಮ ತುಟಿಯ ಮೂಲೆಗೆ ಎರಡು ಬೆರಳು ಒತ್ತಿ ಹಿಡಿದು, ತಲೆ ಎಡಕ್ಕೆ ವಾಲಿಸಿ, ಔಷಧಿ ಆ ಕಡೆಗೇ ನಿಲ್ಲುವ ಹಾಗೆ ಮಾಡುತ್ತಿದ್ದರು, ಆಮೇಲೆ ತಲೆ ಬಗ್ಗಿಸಿ ನಾಲಿಗೆ ಅಡಿಗೆ. ಇದನ್ನು ಹೇಳಿಕೊಟ್ಟಿದ್ದು ವಾರ್ಡಿನ ಸಿಸ್ಟರ್. ಬಾಟಲಿ ಮೇಲೆ ಇರುವ ಸೂಚನೆಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು.

ಮಾರ್ಕು ಕಳೆದಿದ್ದಕ್ಕೆ ಬರುತ್ತೇನೆ. ಒಂದು, ಉರಿ. ಸುಮಾರು ಕಂಪನಿಯವರು ಇದರಲ್ಲಿ ಆಲ್ಕೋಹಾಲ್ ಹಾಕುತ್ತಾರೆ. ಬಾಯಿ ಚೆನ್ನಾಗಿದ್ದಾಗ ಗೊತ್ತಾಗುವುದಿಲ್ಲ, ಹುಣ್ಣು ಬಿಚ್ಚಿದ ಮೇಲೆ ಮೊದಲ ಹತ್ತು ಸೆಕೆಂಡ್ ಕಣ್ಣಲ್ಲಿ ನೀರು ಬರಿಸುತ್ತದೆ. ಆಗ ಅಷ್ಟೇ ನೀರು ಬೆರೆಸಿ ಹಾಕಬಹುದು, ನಮ್ಮ ಡಾಕ್ಟರೂ ಅದನ್ನೇ ಹೇಳಿದರು. ಆಲ್ಕೋಹಾಲ್ ಇಲ್ಲದ್ದು ಸಿಕ್ಕರೆ ಅದನ್ನೇ ತಗೊಳ್ಳಿ, ಲೇಬಲ್ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕ್ಯಾನ್ಸರ್ ಬಾಯಿಗೆ ಅಂತಲೇ ಬರೆದುಕೊಡುವ ಔಷಧಿಗೆ ಅದನ್ನು ಯಾಕೆ ಹಾಕಬೇಕು ಅಂತ ನನಗೆ ಈಗಲೂ ಸಿಟ್ಟಿದೆ. ಇನ್ನೊಂದು ಖರ್ಚು. ದಿನಕ್ಕೆ 6 ಸಲ 15 ಎಂಎಲ್ ಅಂದರೆ 90 ಎಂಎಲ್. ಚಿಕ್ಕ ಬಾಟಲಿ ಎರಡು ದಿನಕ್ಕೂ ಬರುವುದಿಲ್ಲ. ಕೋರ್ಸ್ ಮುಗಿಯುವ ತನಕ, ಅದರ ಮೇಲೆ ಇನ್ನೂ ಎರಡು ವಾರ ಅಂತ ಲೆಕ್ಕ ಹಾಕಿದರೆ ಕೂಲಿ ಮಾಡುವವರಿಗೆ ಭಾರ. ದೊಡ್ಡ ಬಾಟಲಿ ಕೇಳಿ, ಇಲ್ಲ ಅಂದರೆ ಡಾಕ್ಟರಿಗೆ ಹೇಳಿ ಕಡಿಮೆ ಬೆಲೆಯ ಕಂಪನಿದು ಬರೆಸಿಕೊಳ್ಳಿ.

ಅಂಗಡಿಯವರ ಬಗ್ಗೆಯೂ ಎರಡು ಮಾತು ಬರೆಯಲೇಬೇಕು. ಕೋಲಾರದ ಒಂದು ಮೆಡಿಕಲ್ ಶಾಪಲ್ಲಿ ಇದು ಇರಲಿಲ್ಲ. ಇಲ್ಲ ಅಂದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ಅವರು "ಇದೂ ಒಂದೇ ಅದೂ ಒಂದೇ ಅಕ್ಕ, ಬಾಯಿ ಹುಣ್ಣಿಗೆ ಎಲ್ಲರೂ ಇದನ್ನೇ ತಗೊಂಡ್ ಹೋಗೋದು" ಅಂತ ಕ್ಲೋರ್‌ಹೆಕ್ಸಿಡಿನ್ ಬಾಟಲಿ ಕೈಗಿಟ್ಟರು, ಜೊತೆಗೆ ಒಂದು ಹಾಳೆ ಬಿ ಕಾಂಪ್ಲೆಕ್ಸ್. ಎರಡೂ ಒಂದಲ್ಲ. ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು, ಒಸಡಿನ ತೊಂದರೆಗೆ ಒಳ್ಳೆಯದು, ಆದರೆ ಕರೆಂಟಿನ ಹುಣ್ಣು ಬರದ ಹಾಗೆ ತಡೆಯಲು ಅದನ್ನು ಬಳಸಬೇಡಿ ಅಂತಲೇ ಆ ಸಂಘದ ಮಾರ್ಗಸೂಚಿ ಹೇಳುತ್ತದೆ. ಹಲ್ಲಿಗೆ ಕಂದು ಕಲೆ, ಮೊದಲೇ ಹೋಗುತ್ತಿರುವ ರುಚಿ ಇನ್ನಷ್ಟು ಕೆಡುತ್ತದೆ. ಬಿ ಕಾಂಪ್ಲೆಕ್ಸ್ ವಿಟಮಿನ್ ಕೊರತೆಯಿಂದ ಬರುವ ಹುಣ್ಣಿಗೆ. ಈ ಹುಣ್ಣು ಕೊರತೆಯಿಂದ ಬಂದಿದ್ದಲ್ಲ. ನಾನು ಚೀಟಿ ತೋರಿಸಿ ವಾಪಸ್ ಕೊಟ್ಟು ಬಂದೆ, ಡೂಂ ಲೈಟ್ ಸರ್ಕಲ್ ಆಚೆ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. ಚೀಟಿ ಓದಲು ಬಾರದ ಹಳ್ಳಿಯವರು ಬಂದಿದ್ದರೆ ಅದನ್ನೇ ತಗೊಂಡು ಹೋಗಿ ಆರು ವಾರ ಬಳಸುತ್ತಿದ್ದರು ಅಲ್ವಾ. ಬಾಟಲಿ ಕೈಗೆ ಬಂದ ಮೇಲೆ ಹೆಸರನ್ನು ಅಕ್ಷರ ಅಕ್ಷರ ಚೀಟಿ ಜೊತೆ ಹೋಲಿಸಿ ನೋಡಿ, ಓದಲು ಬಾರದಿದ್ದರೆ ಪಕ್ಕದಲ್ಲಿ ನಿಂತವರಿಗೆ ತೋರಿಸಿ.

ಇನ್ನು ಒಂದು ಮಾತು ಖಡಾಖಂಡಿತ. ಈ ಮೌತ್‌ವಾಶ್ ಒಂದನ್ನೇ ನಂಬಿಕೊಂಡರೆ ಆಗುವುದಿಲ್ಲ. ಇದರಷ್ಟೇ ಕೆಲಸ ಮಾಡಿದ್ದು ಉಪ್ಪು ಸೋಡಾ ನೀರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ. ಅಡಿಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಅಲ್ಲ, ನೋಡಿ ತಗೊಳ್ಳಿ. ದಿನಾ ಹೊಸದಾಗಿ ಮಾಡಬೇಕು. ಇದು ಹುಣ್ಣು ವಾಸಿ ಮಾಡಲ್ಲ, ಬಾಯಿ ಚೊಕ್ಕಟ ಇಡುತ್ತದೆ, ಅಂಟಂಟು ಎಂಜಲನ್ನು ಬಿಡಿಸುತ್ತದೆ. ಕರೆಂಟಿಗೆ ಎಂಜಲಿನ ಗ್ರಂಥಿಗಳೂ ಸಿಕ್ಕಿಕೊಳ್ಳುತ್ತವೆ. ಮೊದಲು ಎಂಜಲು ಹಗ್ಗದ ಹಾಗೆ ದಪ್ಪ ಆಗುತ್ತದೆ, ಆಮೇಲೆ ಬಾಯಿ ಒಣಗುತ್ತದೆ. ಒಣ ಬಾಯಲ್ಲಿ ಹುಣ್ಣು ಇನ್ನೂ ಕಷ್ಟ. ಬೆಂಗಳೂರಿಂದ ವಾಪಸ್ ಬರುವಾಗ ಬಸ್ಸಲ್ಲಿ ಒಂದು ಬಾಟಲಿ ಸೋಡಾ ನೀರು, ಉಗಿಯಲು ಒಂದು ಮುಚ್ಚಳ ಇರುವ ಡಬ್ಬಿ ಯಾವಾಗಲೂ ಇರುತ್ತಿತ್ತು, ಹೊಸಕೋಟೆ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಾಗ ಅದಿಲ್ಲದಿದ್ದರೆ ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡೇ ಕೂರಬೇಕಿತ್ತು. ಮೌತ್‌ವಾಶ್‌ಗೆ ಮುಂಚೆ ಸೋಡಾ ನೀರಲ್ಲಿ ಮುಕ್ಕಳಿಸಿ, ಪೊರೆ ಎಲ್ಲ ಹೋದ ಮೇಲೆ ಔಷಧಿ ಹಾಕಿದರೆ ಚೆನ್ನಾಗಿ ತಾಗುತ್ತದೆ, ಇದು ನಾವು ನೋಡಿ ಕಂಡುಕೊಂಡಿದ್ದು.

ಲಿಗ್ನೋಕೇನ್ ಜೆಲ್ಲೂ ಕೊಟ್ಟಿದ್ದರು. ಬೆಂಜಿಡಮೈನ್‌ಗಿಂತ ಜಾಸ್ತಿ ಮರಗಟ್ಟಿಸುತ್ತದೆ, ಆದರೆ ಹುಷಾರು, ಮರಗಟ್ಟಿದ ಬಾಯಲ್ಲಿ ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ, ಗಂಟಲವರೆಗೂ ಹೋದರೆ ಗಂಜಿ ಉಸಿರಿನ ದಾರಿಗೆ ಹೋಗುವ ಭಯ. ಹುಣ್ಣಿನ ಮೇಲೆ ಬೆರಳ ತುದಿಯಷ್ಟೇ. ಜೇನುತುಪ್ಪ ಸವರುವುದನ್ನೂ ಅದೇ ಸಂಘದ 2020ರ ಮಾರ್ಗಸೂಚಿಯಲ್ಲಿ ಹಾಕಿದ್ದಾರೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದ್ದಿದ್ದಕ್ಕೆ ನಾವು ಅದರ ಗೋಜಿಗೆ ಹೋಗಲಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಕಡಿಮೆ ಶಕ್ತಿಯ ಲೇಸರ್ ಬೆಳಕು ಬಿಡುವುದೂ ಇದೆ, ಒಳ್ಳೆ ಪುರಾವೆ ಇರುವ ವಿಧಾನ. ನಿಮಗೆ ಸಿಗುವ ಕಡೆ ಇದ್ದರೆ ಶುರುವಿಗೇ ಕೇಳಿ. ಬ್ರಷ್ ಮಕ್ಕಳದ್ದು, ತುಂಬಾ ಮೆತ್ತನೆಯದು. ಹುಳುಕು ಹಲ್ಲು ಇದ್ದರೆ ಕರೆಂಟ್ ಶುರುವಾಗುವ ಎರಡು ಮೂರು ವಾರ ಮುಂಚೆಯೇ ಕೀಳಿಸಬೇಕು, ಆಮೇಲೆ ಕಿತ್ತರೆ ದವಡೆ ಮೂಳೆ ವಾಸಿಯಾಗದೆ ಸಾಯುವ ಅಪಾಯ ವರ್ಷಗಟ್ಟಲೆ ಇರುತ್ತದೆ. ಇದು ಮೌತ್‌ವಾಶ್ ವಿಷಯ ಅಲ್ಲ, ಆದರೂ ಬರೆಯದೆ ಇರಲು ಮನಸ್ಸು ಬರಲಿಲ್ಲ.

ಊಟ. ಟೊಮ್ಯಾಟೊ ಬೆಳೆಯುವ ಊರು ನಮ್ಮದು, ನಮ್ಮ ಸಾರಲ್ಲಿ ಹುಳಿ ಇಲ್ಲದೆ ಊಟವೇ ಇಲ್ಲ, ಆದರೆ ಆ ಹುಳಿಯೇ ಹುಣ್ಣಿಗೆ ಶತ್ರು. ಟೊಮ್ಯಾಟೊ, ಹುಣಸೆ, ಮೂಸಂಬಿ, ಉಪ್ಸಾರಿನ ಖಾರ ಎಲ್ಲ ಬಂದ್. ಮಜ್ಜಿಗೆ ಹಾಕಿ ಹುಳಿ ಬರಿಸಿದ ಅಂಬಲಿ ಕೂಡ ಉರಿಯಿತು. ಇಳಿದಿದ್ದು ಹಾಲಲ್ಲಿ ತೆಳ್ಳಗೆ ಕಾಯಿಸಿ ಸೋಸಿದ ರಾಗಿ ಗಂಜಿ, ಮಸಾಲೆ ಇಲ್ಲದ ಬೇಳೆ ಕಟ್ಟು, ಚೆನ್ನಾಗಿ ಕಿವುಚಿದ ಅನ್ನಕ್ಕೆ ಹುಳಿಯಾಗದ ಮೊಸರು, ಬೇಯಿಸಿದ ಮೊಟ್ಟೆಯನ್ನು ಹಾಲಲ್ಲಿ ಅರೆದಿದ್ದು. ಎಲ್ಲವೂ ಉಗುರುಬೆಚ್ಚಗೆ ಅಥವಾ ತಣ್ಣಗೆ. ಮೌತ್‌ವಾಶ್ ಹಾಕಿ ಉಗಿದು, ಐದು ಹತ್ತು ನಿಮಿಷ ಬಿಟ್ಟು ಕೊಡಿ. ಈ ಟೈಮಿಂಗ್ ಹಿಡಿದರೆ ಅರ್ಧ ಜಗಳ ತಪ್ಪುತ್ತದೆ.

ಇದಕ್ಕೆಲ್ಲ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಸುಮ್ನೆ ಅಲ್ಲ. ಬಾಯಿ ತಡೆಯಲಾಗದೆ ಜನ ಕರೆಂಟ್ ಅರ್ಧಕ್ಕೆ ಬಿಟ್ಟು ಊರಿಗೆ ಹೋಗುತ್ತಾರೆ, ಸ್ವಲ್ಪ ವಾಸಿ ಆಗಲಿ ಆಮೇಲೆ ಬರುತ್ತೇವೆ ಅಂತ. ಆ ಗ್ಯಾಪಲ್ಲಿ ಒಳ್ಳೆ ಕೋಶಗಳ ಜೊತೆ ಉಳಿದಿರುವ ಕ್ಯಾನ್ಸರ್ ಕೋಶಗಳೂ ಚೇತರಿಸಿಕೊಳ್ಳುತ್ತವೆ. ಸುಮಾರು ನಾಲ್ಕನೇ ವಾರದ ನಂತರ ಅವು ಮೊದಲಿಗಿಂತ ಜೋರಾಗಿ ಹೆಚ್ಚಲು ಶುರು ಮಾಡುತ್ತವೆ ಅಂತ 1988ರಷ್ಟು ಹಿಂದೆಯೇ ಡಾಕ್ಟರುಗಳು ತೋರಿಸಿದ್ದಾರೆ. ಕರೆಕ್ಟಾಗಿ ಹುಣ್ಣು ಜಾಸ್ತಿ ಆಗುವ ಹೊತ್ತಿಗೇ. ಪಕ್ಕದ ಬೆಡ್ಡಿನ ಅಜ್ಜಿಯನ್ನು ಮಗ ಮನೆಗೆ ಕರೆದುಕೊಂಡು ಹೋಗಲು ಬ್ಯಾಗ್ ಕಟ್ಟಿದ್ದ, ಡಾಕ್ಟರ್ ಅರ್ಧ ಗಂಟೆ ಕೂರಿಸಿ ಮಾತಾಡಿ, ಮೂಗಿಂದ ಹೊಟ್ಟೆಗೆ ಟ್ಯೂಬ್ ಹಾಕಿ, ನೋವಿಗೆ ಮಾರ್ಫಿನ್ ಕೊಟ್ಟು ಉಳಿಸಿಕೊಂಡರು. ಟ್ಯೂಬ್ ಅಂದರೆ ಹೆದರಬೇಡಿ, ಅದು ಸೋಲಲ್ಲ. ಗಂಜಿಯೂ ಇಳಿಯದ ಸ್ಥಿತಿಗೆ ಬಂದಾಗ ಕೋರ್ಸ್ ಮುಗಿಸಲು ಅದೇ ದಾರಿ.

ಮೌತ್‌ವಾಶ್ ಸಾಲದು, ಡಾಕ್ಟರಿಗೆ ತೋರಿಸಲೇಬೇಕು ಅನ್ನುವ ಹೊತ್ತು ಯಾವುದು ಅಂತಲೂ ಹೇಳುತ್ತೇನೆ. ಜ್ವರ ಬಂದರೆ, ಅದರಲ್ಲೂ ಕೀಮೋ ನಡೆಯುತ್ತಿದ್ದರೆ ಅವತ್ತೇ. ರಕ್ತ ನಿಲ್ಲದಿದ್ದರೆ. ನೀರೂ ಇಳಿಯದಿದ್ದರೆ, ಮೂತ್ರ ಕಡಿಮೆ ಆದರೆ. ಬಾಯಲ್ಲಿ ಕೆರೆದರೆ ಎದ್ದು ಬರುವ ಮೊಸರಿನಂಥ ಬಿಳಿ ಪದರ ಹರಡಿದರೆ ಅದು ಫಂಗಸ್, ಅದಕ್ಕೆ ಬೇರೆ ಔಷಧಿ ಇದೆ, ಬೆಂಜಿಡಮೈನ್ ಎಷ್ಟು ಹಾಕಿದರೂ ಹೋಗುವುದಿಲ್ಲ. ನಾಲ್ಕನೇ ವಾರ ದೊಡ್ಡಮ್ಮನಿಗೆ ಇದಾಯಿತು, ಮಾತ್ರೆ ಕೊಟ್ಟ ಮೇಲೆ ಒಂದೇ ವಾರದಲ್ಲಿ ಉರಿ ಎಷ್ಟೋ ತಗ್ಗಿತು. ಆಸ್ಪಿರಿನ್ ತರಹದ ನೋವಿನ ಮಾತ್ರೆ ಆಗದವರು ಬೆಂಜಿಡಮೈನ್ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ.

ಈಗ ದೊಡ್ಡಮ್ಮನ ಹುಣ್ಣು ಪೂರ್ತಿ ಮುಚ್ಚಿದೆ. ಮೌತ್‌ವಾಶ್ ನಿಲ್ಲಿಸಿದ್ದೇವೆ, ಸೋಡಾ ನೀರು ನಿಲ್ಲಿಸಿಲ್ಲ. ಬಾಯಿ ಒಣಗುವುದು ಇನ್ನೂ ಇದೆ, ರಾತ್ರಿ ತಲೆ ಹತ್ತಿರ ನೀರಿನ ಚೊಂಬು ಬೇಕೇ ಬೇಕು. ಸಿಹಿ ರುಚಿ ಸರಿಯಾಗಿ ಗೊತ್ತಾಗುತ್ತಿಲ್ಲ, ರುಚಿ ಬರಲು ಕೆಲವು ತಿಂಗಳು, ಕೆಲವರಿಗೆ ವರ್ಷವೇ ಬೇಕಂತೆ. ಹೊಗೆಸೊಪ್ಪಿನ ಸಂಚಿಯನ್ನು ಆಪರೇಷನ್‌ಗೆ ಮುಂಚೆಯೇ ಬಿಸಾಕಿದ್ದರು, ಮತ್ತೆ ಮುಟ್ಟಿಲ್ಲ. ಬಾಯಿ ತೆರೆಯುವುದು ಕಡಿಮೆ ಆಗದಿರಲಿ ಅಂತ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸುವ ಅಭ್ಯಾಸ ದಿನಾ ಮಾಡಿಸುತ್ತೇವೆ, ಹುಣ್ಣಿದ್ದಾಗ ಇದನ್ನು ಬಿಟ್ಟವರಿಗೆ ಆಮೇಲೆ ಒಂದು ಬೆರಳೂ ಹೋಗದ ಹಾಗೆ ಬಿಗಿಯುತ್ತದೆ, ಮೌತ್‌ವಾಶ್ ಹಾಕಿ ನೋವು ತಗ್ಗಿದ ಹೊತ್ತೇ ಅದಕ್ಕೂ ಸರಿಯಾದ ಹೊತ್ತು.

ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯವರು ಯಾರಿಗಾದರೂ ಇದು ಅಂಗಡಿಯಲ್ಲಿ ಸಿಗದಿದ್ದರೆ ಹಿಂದಿನ ದಿನವೇ ಹೇಳಿ ತರಿಸಿಕೊಳ್ಳಿ, ಬಾಟಲಿಯಲ್ಲಿ ಎರಡು ದಿನದ್ದು ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಬಿಡಿ. ಶನಿವಾರ ಭಾನುವಾರ ಕರೆಂಟ್ ಇರುವುದಿಲ್ಲ, ಆದರೆ ಮೌತ್‌ವಾಶ್‌ಗೆ ರಜೆ ಇಲ್ಲ.